ಸಾದೃಶ್ಯದ ನೆರವು, ಸಾದೃಶ್ಯದ ಮಿತಿ: ಏಕಕೋಶ ಪರಾವಲಂಬಿಗಳ ಕ್ಯಾಲ್ಸಿಯಂ ಸಂಕೇತ ಮತ್ತು ಅಯಾನು ಕಾಲುವೆಗಳ ಸಂಶೋಧನೆ – ಒಂದು ವಿಮರ್ಶೆ

1880ರ ನವೆಂಬರ್ 6ರಂದು ಅಲ್ಜೀರಿಯದ ಕಾನ್‌ಸ್ಟಾಂಟೀನ್ ನಗರದ ಸೈನಿಕ ಆಸ್ಪತ್ರೆಯಲ್ಲಿ ಫ್ರೆಂಚ್ ಸೇನಾ ವೈದ್ಯ ಆಲ್ಫೋನ್ಸ್ ಲಾವೆರಾನ್ ಮಲೇರಿಯಾ ರೋಗಿಯೊಬ್ಬನ ಹಸಿ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ದುಂಡನೆಯ ಕಣವೊಂದರ ಅಂಚಿನಿಂದ ಚಾವಟಿಯಂತಹ ಎಳೆಗಳು ಹೊರಚಿಮ್ಮಿ, ಸುತ್ತಲಿನ ರಕ್ತಕಣಗಳನ್ನು ಅಲುಗಿಸುತ್ತ ವೇಗವಾಗಿ ಚಲಿಸಿದುದನ್ನು ಅವರು ಕಂಡರು. ರೋಗಕ್ಕೆ ಕಾರಣ ಕೆಟ್ಟ ಗಾಳಿಯಲ್ಲ, ಒಂದು ಜೀವಿ ಎಂಬ ನಿರ್ಣಯಕ್ಕೆ ಈ ಚಲನೆಯೇ ಆಧಾರವಾಯಿತು. ಆ ಜೀವಿಗೆ ಅವರು ‘ಆಸಿಲೇರಿಯಾ ಮಲೇರಿಯೇ’ ಎಂಬ ಹೆಸರಿಟ್ಟರು. ಆಸಿಲೇರಿಯಾ ಎಂಬುದು ನೀರಿನಲ್ಲಿ ತೂಗಾಡುವ ಪಾಚಿಗಳ ಒಂದು ಗುಂಪಿನ ಹೆಸರು. ಎಳೆ ತೂಗಾಡುತ್ತಿತ್ತು, ಆದುದರಿಂದ ಹೆಸರು ಹೊಂದಿತು. ನೋಟ ಸರಿಯಾಗಿತ್ತು, ಹೋಲಿಕೆ ತಪ್ಪಾಗಿತ್ತು.

ಲಾವೆರಾನ್ ಕಂಡದ್ದು ಪರಾವಲಂಬಿಯ ಗಂಡು ಲಿಂಗಾಣುಗಳ ಬಿಡುಗಡೆಯನ್ನು. 1897ರಲ್ಲಿ ವಿಲಿಯಂ ಮ್ಯಾಕಲಂ ಹಕ್ಕಿಗಳ ರಕ್ತದಲ್ಲಿರುವ ಇದೇ ಬಳಗದ ಜೀವಿಯೊಂದರಲ್ಲಿ ನಿಷೇಚನ ಕ್ರಿಯೆಯನ್ನು ಕಣ್ಣಾರೆ ಕಂಡ ಬಳಿಕ ಇದು ಸ್ಪಷ್ಟವಾಯಿತು. ಆದರೆ ಆ ಬಿಡುಗಡೆಯನ್ನು ಪ್ರಚೋದಿಸುವುದು ಯಾವುದು ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಮತ್ತೊಂದು ಶತಮಾನ ಬೇಕಾಯಿತು. ದೇಹದಿಂದ ಹೊರಬಂದ ರಕ್ತ ತಣ್ಣಗಾಗುವುದು ಅದರ ಒಂದು ಕಾರಣ. ಸೊಳ್ಳೆಯ ದೇಹದಲ್ಲಿರುವ ಕ್ಸಾಂಥುರೆನಿಕ್ ಆಮ್ಲ ಇನ್ನೊಂದು ಕಾರಣವೆಂದು 1998ರಲ್ಲಿ ಆಲಿವರ್ ಬಿಲ್ಕರ್ ಮತ್ತು ಸಂಗಡಿಗರು ತೋರಿಸಿದರು. ಈ ಪ್ರಚೋದನೆಯಿಂದ ಪರಾವಲಂಬಿಯ ಒಳರಸದಲ್ಲಿ ಕೆಲವೇ ಕ್ಷಣಗಳಲ್ಲಿ ಕ್ಯಾಲ್ಸಿಯಂ ಏರುತ್ತದೆ, ಆ ಏರಿಕೆಯನ್ನು ಒಂದು ನಿರ್ದಿಷ್ಟ ಕಿಣ್ವ ಗ್ರಹಿಸುತ್ತದೆ ಎಂಬುದು 2004ರಲ್ಲಿ ಸಿದ್ಧವಾಯಿತು. ಮಲೇರಿಯಾ ಪರಾವಲಂಬಿಯನ್ನು ಮನುಷ್ಯ ಮೊದಲ ಬಾರಿಗೆ ಗುರುತಿಸಿದ್ದೇ ಒಂದು ಕ್ಯಾಲ್ಸಿಯಂ ಸಂಕೇತದ ಫಲವಾಗಿ ಎಂದರೆ ತಪ್ಪಾಗದು.

ಈ ಸಣ್ಣ ಚರಿತ್ರೆಯಲ್ಲಿ ಇಡೀ ಕ್ಷೇತ್ರದ ಗುಣವೂ ದೋಷವೂ ಅಡಗಿವೆ. ಏಕಕೋಶ ಪರಾವಲಂಬಿಗಳ ಕ್ಯಾಲ್ಸಿಯಂ ವ್ಯವಸ್ಥೆಯ ಬಗೆಗಿನ ತಿಳಿವಳಿಕೆ ಬಹುಪಾಲು ಬೆಳೆದಿರುವುದು ಪ್ರಾಣಿಕೋಶಗಳೊಂದಿಗಿನ ಹೋಲಿಕೆಯ ಮೇಲೆ. ಹೋಲಿಕೆ ಅನೇಕ ಬಾರಿ ದಾರಿ ತೋರಿದೆ. ಅಷ್ಟೇ ಬಾರಿ ದಾರಿ ತಪ್ಪಿಸಿದೆ. ನ್ಯಾಯದರ್ಶನದಲ್ಲಿ ಉಪಮಾನವೂ ಒಂದು ಪ್ರಮಾಣ. ಗವಯವೆಂಬ ಪ್ರಾಣಿ ಹಸುವಿನಂತಿರುತ್ತದೆ ಎಂದು ಕೇಳಿ ತಿಳಿದವನು ಕಾಡಿನಲ್ಲಿ ಅದನ್ನು ಕಂಡು ಗುರುತಿಸುತ್ತಾನೆ ಎಂಬುದು ಅದರ ಪ್ರಸಿದ್ಧ ಉದಾಹರಣೆ. ಆ ಉದಾಹರಣೆಯಲ್ಲಿಯೂ ಕಾಡಿಗೆ ಹೋಗಿ ನೋಡುವ ಕೆಲಸ ತಪ್ಪುವುದಿಲ್ಲ ಎಂಬುದು ಗಮನಾರ್ಹ. ಪರಾವಲಂಬಿಗಳ ಅಯಾನು ವ್ಯವಸ್ಥೆಯ ಸಂಶೋಧನೆಯಲ್ಲಿ ಕಾಡಿಗೆ ಹೋಗುವ ಮೊದಲೇ ಗವಯಕ್ಕೆ ಹಸುವಿನ ಹೆಸರಿಟ್ಟ ಸಂದರ್ಭಗಳು ಯಾವುವು, ಅದರಿಂದಾದ ಪರಿಣಾಮಗಳೇನು ಎಂಬ ಪರಿಶೀಲನೆ ಇಲ್ಲಿಯ ವಸ್ತು.

ಇದು ಕೇವಲ ತಾರ್ಕಿಕ ಕುತೂಹಲದ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ 30 ಲಕ್ಷ ಮಲೇರಿಯಾ ಪ್ರಕರಣಗಳೂ 5,97,000 ಸಾವುಗಳೂ ಸಂಭವಿಸಿವೆ. ಔಷಧ ನಿರೋಧ ಬೆಳೆಯುತ್ತಿರುವ ಕಾಲದಲ್ಲಿ ಒಂದು ಪ್ರೋಟೀನಿಗೆ ತಪ್ಪು ಕೆಲಸವನ್ನು ಆರೋಪಿಸಿದರೆ ಹಲವು ಪ್ರಯೋಗಾಲಯಗಳ ವರ್ಷಗಳ ಶ್ರಮ ತಪ್ಪು ದಿಕ್ಕಿಗೆ ಹರಿಯುತ್ತದೆ.

ಕೆರೆ, ತೂಬು ಮತ್ತು ಏತ

ಸಾಮಾನ್ಯ ಜೀವಕೋಶದ ಒಳರಸದಲ್ಲಿ ಮುಕ್ತ ಕ್ಯಾಲ್ಸಿಯಂನ ಸಾರತೆ ಸುಮಾರು 100 ನ್ಯಾನೊಮೋಲಾರ್. ಹೊರಗಿನ ರಕ್ತದ್ರವದಲ್ಲಿ ಅದು 1 ಮಿಲಿಮೋಲಾರ್‌ಗಿಂತ ತುಸು ಹೆಚ್ಚು. ಒಳಗೂ ಹೊರಗೂ ಹತ್ತು ಸಾವಿರ ಪಟ್ಟು ಅಂತರವಿರುವುದರಿಂದಲೇ ಸ್ವಲ್ಪ ಕ್ಯಾಲ್ಸಿಯಂ ಒಳನುಗ್ಗಿದರೂ ಅದು ಕೋಶಕ್ಕೆ ಸುದ್ದಿಯಾಗುತ್ತದೆ. ಕೋಶದೊಳಗೂ ಕ್ಯಾಲ್ಸಿಯಂ ಸಂಗ್ರಹಗಳಿವೆ. ಪೊರೆಯಲ್ಲಿ ಕುಳಿತ ಪ್ರೋಟೀನುಗಳಲ್ಲಿ ಕೆಲವು ಶಕ್ತಿಯನ್ನು ವ್ಯಯಿಸಿ ಅಯಾನುಗಳನ್ನು ಇಳಿಜಾರಿಗೆ ಎದುರಾಗಿ ಎತ್ತಿ ಹಾಕುತ್ತವೆ, ಇವು ಪಂಪುಗಳು. ಇನ್ನು ಕೆಲವು ತೆರೆದಾಗ ಅಯಾನುಗಳು ಇಳಿಜಾರಿನಲ್ಲಿ ತಾವಾಗಿ ಹರಿಯುತ್ತವೆ, ಇವು ಕಾಲುವೆಗಳು.

ಕನ್ನಡದ ಕೃಷಿಕನಿಗೆ ಈ ಭೇದ ಹೊಸದಲ್ಲ. ಕೆರೆಯ ನೀರು ತೂಬು ಎತ್ತಿದರೆ ತಾನಾಗಿ ಗದ್ದೆಗೆ ಹರಿಯುತ್ತದೆ. ತಗ್ಗಿನ ನೀರನ್ನು ಮೇಲಿನ ಹೊಲಕ್ಕೆ ತರಲು ಏತ ಬೇಕು, ಏತಕ್ಕೆ ದುಡಿಮೆ ಬೇಕು. ‘ಅಯಾನು ಕಾಲುವೆ’ ಎಂಬ ಪದ ಬಳಕೆಗೆ ಬಂದಿದೆಯಾದರೂ, ತೆರೆದು ಮುಚ್ಚುವ ಗುಣವನ್ನು ಸೂಚಿಸಲು ‘ತೂಬು’ ಇನ್ನಷ್ಟು ಸಮರ್ಪಕವಾದ ಪದವೆಂಬುದನ್ನು ಅಲ್ಲಗಳೆಯಲಾಗದು. ಕೋಶದ ಸಂಗ್ರಹವನ್ನು ಕೆರೆಯೆಂದೂ ಪಂಪನ್ನು ಏತವೆಂದೂ ಭಾವಿಸಿದರೆ ವಿಮರ್ಶೆಯ ಮೂರು ಪ್ರಶ್ನೆಗಳು ಸರಳವಾಗುತ್ತವೆ. ಈ ಪ್ರೋಟೀನು ಏತವೋ ತೂಬೋ? ಅದು ಸಾಗಿಸುವುದು ಯಾವ ಅಯಾನನ್ನು? ಅದು ಕುಳಿತಿರುವುದು ಯಾವ ಕೆರೆಯ ಏರಿಯ ಮೇಲೆ? ಮುಂದೆ ಬರುವ ಬಹುತೇಕ ವಿವಾದಗಳು ಈ ಮೂರರಲ್ಲಿ ಒಂದನ್ನು ಪರೀಕ್ಷಿಸದೆ ಊಹಿಸಿದ್ದರಿಂದ ಹುಟ್ಟಿದವು.

ಪರಾವಲಂಬಿಯ ನೆಲೆಯೂ ವಿಚಿತ್ರವಾದುದು. ಮಲೇರಿಯಾ ಜೀವಿ ವಾಸಿಸುವ ಕೆಂಪು ರಕ್ತಕಣದ ಒಳಗೆ ಕ್ಯಾಲ್ಸಿಯಂ ಅತ್ಯಲ್ಪ. ಹಾಗಿದ್ದರೆ ಅದರ ಕೆರೆ ತುಂಬುವುದು ಎಲ್ಲಿಂದ? 2003ರಲ್ಲಿ ಬ್ರೆಜಿಲ್‌ನ ಸೆಲಿಯಾ ಗಾರ್ಸಿಯಾ ಅವರ ತಂಡ ಇದಕ್ಕೊಂದು ಉತ್ತರ ನೀಡಿತು. ಪರಾವಲಂಬಿ ಕಣವನ್ನು ಹೊಗುವಾಗ ಕಣದ ಪೊರೆ ಒಳಮಡಿಚಿ ಅದನ್ನು ಸುತ್ತುವರಿದು ಒಂದು ಕುಹರವಾಗುತ್ತದೆ. ಹೀಗೆ ತಿರುವುಮುರುವಾದ ಪೊರೆಯಲ್ಲಿ, ಮೊದಲು ಕ್ಯಾಲ್ಸಿಯಂ ಅನ್ನು ಕಣದಿಂದ ಹೊರಹಾಕುತ್ತಿದ್ದ ಪಂಪು ಈಗ ಅದನ್ನು ಕುಹರದೊಳಗೆ ತುಂಬುತ್ತದೆ. ಕುಹರದಲ್ಲಿ ಸುಮಾರು 40 ಮೈಕ್ರೋಮೋಲಾರ್ ಕ್ಯಾಲ್ಸಿಯಂ ಇರುವುದನ್ನು ಆ ತಂಡ ಅಳೆಯಿತು. ಆತಿಥೇಯನ ಏತವೇ ಪರಾವಲಂಬಿಯ ಹೊಲಕ್ಕೆ ನೀರೆತ್ತುವ ಈ ಏರ್ಪಾಡನ್ನು ಯಾವ ಪ್ರಾಣಿಕೋಶದ ಮಾದರಿಯಿಂದಲೂ ಊಹಿಸಲು ಸಾಧ್ಯವಿರಲಿಲ್ಲ.

ಎರಡು ಪಂಪುಗಳ ಚರಿತ್ರೆ

ಪ್ಲಾಸ್ಮೋಡಿಯಂ ಫಾಲ್ಸಿಪಾರಂನ ಪಿಎಫ್‌ಎಟಿಪಿ4 ಎಂಬ ಪ್ರೋಟೀನನ್ನು 2001ರಲ್ಲಿ ಸಂಜೀವ ಕೃಷ್ಣ ಮತ್ತು ಸಂಗಡಿಗರು ಕ್ಯಾಲ್ಸಿಯಂ ಪಂಪು ಎಂದು ವರ್ಣಿಸಿದರು. ಅದರ ಅಮೈನೋ ಆಮ್ಲಗಳ ಸರಣಿ ಅಂತಹ ಪಂಪುಗಳನ್ನು ಹೋಲುತ್ತಿತ್ತು. ಕಪ್ಪೆಯ ಅಂಡಕೋಶಗಳಲ್ಲಿ ಅದನ್ನು ವ್ಯಕ್ತಪಡಿಸಿ ನಡೆಸಿದ ಪ್ರಯೋಗಗಳೂ ಆ ನಿರ್ಣಯಕ್ಕೆ ಬೆಂಬಲವಾಗಿದ್ದವು. ಅದು ಈ ವರ್ಗದ ಪರಾವಲಂಬಿಗಳಿಗೇ ವಿಶಿಷ್ಟವಾದ ಉಪಗುಂಪಿನದು ಎಂಬುದನ್ನು ಆ ಲೇಖಕರೇ ಗುರುತಿಸಿದ್ದರು. ಆದರೆ ನಂತರದ ಸಾಹಿತ್ಯದಲ್ಲಿ ಉಳಿದುಕೊಂಡದ್ದು ವಿಶೇಷಣವಲ್ಲ, ಹೆಸರು.

2010ರಲ್ಲಿ ಸ್ಪೈರೋಇಂಡೊಲೋನ್ ಎಂಬ ಹೊಸ ಔಷಧವರ್ಗಕ್ಕೆ ನಿರೋಧ ಬೆಳೆಸಿಕೊಂಡ ಪರಾವಲಂಬಿಗಳಲ್ಲಿ ಇದೇ ಪಿಎಫ್‌ಎಟಿಪಿ4ರ ಜೀನಿನಲ್ಲಿ ಉತ್ಪರಿವರ್ತನೆಗಳು ಕಂಡುಬಂದವು. ಔಷಧ ಕ್ಯಾಲ್ಸಿಯಂ ವ್ಯವಸ್ಥೆಯನ್ನು ಕೆಡಿಸುತ್ತದೆ ಎಂದು ಭಾವಿಸುವುದು ಸಹಜವಾಗಿತ್ತು. 2013ರಲ್ಲಿ ಆಸ್ಟ್ರೇಲಿಯಾದ ಕಿಯರನ್ ಕರ್ಕ್ ಅವರ ತಂಡ ಆ ಭಾವನೆಯನ್ನು ಪರಾವಲಂಬಿಯ ಒಳಗೇ ಪರೀಕ್ಷಿಸಿತು. ಔಷಧ ತಾಗಿದ ಕೂಡಲೇ ಒಳರಸದಲ್ಲಿ ಏರಿದ್ದು ಸೋಡಿಯಂ. ಉತ್ಪರಿವರ್ತಿತ ಪರಾವಲಂಬಿಗಳಲ್ಲಿ ಅದೇ ಏರಿಕೆಗೆ ಹೆಚ್ಚು ಔಷಧ ಬೇಕಾಯಿತು. ಕ್ಯಾಲ್ಸಿಯಂ ಪಂಪೆಂದು ಒಂದು ದಶಕ ಕಾಲ ಕರೆಯಲಾಗಿದ್ದ ಪ್ರೋಟೀನು ಸೋಡಿಯಂ ಅನ್ನು ಹೊರಹಾಕುವ ಏತವೆಂದು ತಿಳಿಯಿತು. ಅದರ ಸಮೀಪದ ಬಂಧುಗಳು ಶಿಲೀಂಧ್ರಗಳಲ್ಲಿಯೂ ಪಾಚಿಸಸ್ಯಗಳಲ್ಲಿಯೂ ಇರುವ ಸೋಡಿಯಂ ಪಂಪುಗಳೇ ಹೊರತು ಮನುಷ್ಯನ ಕ್ಯಾಲ್ಸಿಯಂ ಪಂಪುಗಳಲ್ಲ. ಈ ತಿದ್ದುಪಡಿಯ ನಂತರವೇ, ರಾಸಾಯನಿಕವಾಗಿ ಪರಸ್ಪರ ಸಂಬಂಧವಿಲ್ಲದ ಅನೇಕ ಔಷಧ ವಸ್ತುಗಳು ಒಂದೇ ಸೋಡಿಯಂ ಏರಿಕೆಯ ಮೂಲಕ ಪರಾವಲಂಬಿಯನ್ನು ಕೊಲ್ಲುತ್ತವೆ ಎಂಬುದು ಅರ್ಥವಾದದ್ದು.

ಎರಡನೆಯ ಪಂಪಿನ ಕಥೆ ಇದರ ವಿಲೋಮ. ಪಿಎಫ್‌ಎಟಿಪಿ6 ನಿಜವಾಗಿಯೂ ಕ್ಯಾಲ್ಸಿಯಂ ಪಂಪೇ. ಪ್ರಾಣಿಕೋಶಗಳ ಆಂತರಿಕ ಸಂಗ್ರಹವನ್ನು ತುಂಬುವ ಪಂಪಿನ ಸಜಾತಿ. ಪ್ರಾಣಿಗಳ ಪಂಪನ್ನು ತಡೆಯುವ ಥ್ಯಾಪ್ಸಿಗಾರ್ಜಿನ್ ಎಂಬ ಸಸ್ಯಜನ್ಯ ವಸ್ತುವಿಗೂ ಮಲೇರಿಯಾ ಔಷಧವಾದ ಆರ್ಟೆಮಿಸಿನಿನ್‌ಗೂ ರಚನೆಯಲ್ಲಿ ಒಂದಿಷ್ಟು ಹೋಲಿಕೆಯಿದೆ. ಈ ಹೋಲಿಕೆಯಿಂದ ಹೊರಟು, ಆರ್ಟೆಮಿಸಿನಿನ್‌ನ ಗುರಿ ಪಿಎಫ್‌ಎಟಿಪಿ6 ಎಂದು 2003ರಲ್ಲಿ ಪ್ರತಿಪಾದಿಸಲಾಯಿತು. ಇಲ್ಲಿಯೂ ಸಾಕ್ಷ್ಯದ ತಳಹದಿ ಕಪ್ಪೆಯ ಅಂಡಕೋಶವೇ. 2005ರಲ್ಲಿ ಫ್ರೆಂಚ್ ಗಯಾನಾದ ಕೆಲವು ಮಾದರಿಗಳಲ್ಲಿ ಈ ಜೀನಿನ ಒಂದು ಉತ್ಪರಿವರ್ತನೆಗೂ ಔಷಧದ ಪರಿಣಾಮ ತಗ್ಗುವುದಕ್ಕೂ ಸಂಬಂಧ ಕಂಡಾಗ ಪ್ರತಿಪಾದನೆ ಇನ್ನಷ್ಟು ಬಲಗೊಂಡಿತು. ಆದರೆ 2010ರಲ್ಲಿ ಪ್ರೋಟೀನನ್ನು ಶುದ್ಧೀಕರಿಸಿ ಪರೀಕ್ಷಿಸಿದಾಗ ಥ್ಯಾಪ್ಸಿಗಾರ್ಜಿನ್ ಅದನ್ನು ತಡೆಯಿತು, ಆರ್ಟೆಮಿಸಿನಿನ್ ತಡೆಯಲಿಲ್ಲ. 2014ರಲ್ಲಿ ಆಗ್ನೇಯ ಏಷ್ಯದ ನಿರೋಧಕ್ಕೆ ಕಾರಣವಾದ ಉತ್ಪರಿವರ್ತನೆಗಳು ಕೆಲ್ಚ್13 ಎಂಬ, ಕ್ಯಾಲ್ಸಿಯಂ ಪಂಪಿಗೆ ಸಂಬಂಧಪಡದ ಜೀನಿನಲ್ಲಿವೆ ಎಂದು ಪ್ರಕಟವಾಯಿತು. ಆರ್ಟೆಮಿಸಿನಿನ್ ನೂರಕ್ಕೂ ಹೆಚ್ಚು ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ ಎಂಬ 2015ರ ಶೋಧವಂತೂ ‘ಒಂದೇ ಗುರಿ’ ಎಂಬ ಪ್ರಶ್ನೆಯ ರೂಪವನ್ನೇ ಬದಲಿಸಿತು.

ಒಂದು ಪಂಪಿನಲ್ಲಿ ಅಯಾನು ತಪ್ಪಿತು; ಮತ್ತೊಂದರಲ್ಲಿ ಅಯಾನು ಸರಿಯಿದ್ದು ಔಷಧದ ಸಂಬಂಧ ತಪ್ಪಿತು. ಎರಡರಲ್ಲಿಯೂ ಪ್ರಯೋಗಗಳು ಅಪ್ರಾಮಾಣಿಕವಾಗಿರಲಿಲ್ಲ, ಪ್ರಯೋಗಕಾರರು ಅಸಮರ್ಥರೂ ಆಗಿರಲಿಲ್ಲ. ಪರಾವಲಂಬಿಯ ಪ್ರೋಟೀನನ್ನು ಅದರ ಮನೆಯಿಂದ ಹೊರತಂದು ಪರರ ಮನೆಯಲ್ಲಿ ಪರೀಕ್ಷಿಸಿ, ಅಲ್ಲಿಯ ನಡವಳಿಕೆಯನ್ನೇ ಅದರ ಸ್ವಭಾವವೆಂದು ತೀರ್ಮಾನಿಸಿದ್ದು ದೋಷದ ಮೂಲ. ಮೊದಲ ಪ್ರಕರಣದಲ್ಲಿ ಸತ್ಯ ಹೊರಬಿದ್ದದ್ದು ಜೀವಂತ ಪರಾವಲಂಬಿಯ ಒಳಗೆ ಅಳೆದಾಗ. ಎರಡನೆಯದರಲ್ಲಿ ಪ್ರೋಟೀನನ್ನು ಪ್ರತ್ಯೇಕಿಸಿ ಪರೀಕ್ಷಿಸಿದಾಗ ಮತ್ತು ರೋಗಿಗಳಲ್ಲಿ ಹರಡಿದ್ದ ನಿರೋಧಕ ತಳಿಗಳ ಜೀನುಗಳನ್ನು ಓದಿದಾಗ.

ಕಾಣದ ಗ್ರಾಹಕ

1983ರಲ್ಲಿ ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ ಐಪಿ3 ಎಂಬ ಸಣ್ಣ ಅಣುವು ಆಂತರಿಕ ಸಂಗ್ರಹದಿಂದ ಕ್ಯಾಲ್ಸಿಯಂ ಅನ್ನು ಬಿಡುಗಡೆ ಮಾಡುವುದನ್ನು ತೋರಿಸಿದ ಮೇಲೆ, ಆ ಅಣುವನ್ನು ಗ್ರಹಿಸಿ ತೆರೆಯುವ ಗ್ರಾಹಕ–ಕಾಲುವೆ ಪ್ರಾಣಿಕೋಶ ವಿಜ್ಞಾನದ ಕೇಂದ್ರಸ್ಥಾನ ಪಡೆಯಿತು. ಮಲೇರಿಯಾ ಜೀವಿಯಲ್ಲಿಯೂ ಅದರ ಬಂಧುವಾದ ಟಾಕ್ಸೋಪ್ಲಾಸ್ಮಾದಲ್ಲಿಯೂ ಕ್ಯಾಲ್ಸಿಯಂ ಆಂತರಿಕ ಸಂಗ್ರಹದಿಂದ ಬಿಡುಗಡೆಯಾಗುತ್ತದೆ. ಆದ್ದರಿಂದ ಅಲ್ಲಿಯೂ ಅದೇ ತೂಬು ಇರಬೇಕೆಂದು ನಂಬಲಾಯಿತು. 2002ರಲ್ಲಿ ಪ್ರಕಟವಾದ ಟಾಕ್ಸೋಪ್ಲಾಸ್ಮಾ ಅಧ್ಯಯನವೊಂದು ಪ್ರಾಣಿಕೋಶಗಳ ಈ ಕಾಲುವೆಗಳನ್ನು ತೆರೆಯುವ ಅಥವಾ ಮುಚ್ಚುವ ರಾಸಾಯನಿಕಗಳು ಪರಾವಲಂಬಿಯಲ್ಲಿಯೂ ಪರಿಣಾಮ ಬೀರುವುದನ್ನು ದಾಖಲಿಸಿ, ಅಂತಹ ಸಂಗ್ರಹಗಳಿವೆ ಎಂದು ನಿರ್ಣಯಿಸಿತು.

ಅದೇ 2002ರ ಅಕ್ಟೋಬರ್‌ನಲ್ಲಿ ಫಾಲ್ಸಿಪಾರಂನ ಜೀನೋಮ್ ಪ್ರಕಟವಾಯಿತು. ಸುಮಾರು 5,300 ಜೀನುಗಳಲ್ಲಿ ಐಪಿ3 ಗ್ರಾಹಕವಾಗಲಿ, ಸ್ನಾಯುಕೋಶಗಳಲ್ಲಿ ಪ್ರಸಿದ್ಧವಾದ ರೈಯನೋಡಿನ್ ಗ್ರಾಹಕವಾಗಲಿ ಗುರುತಿಗೆ ಸಿಗಲಿಲ್ಲ. ಟಾಕ್ಸೋಪ್ಲಾಸ್ಮಾದಲ್ಲಿಯೂ ಸಿಗಲಿಲ್ಲ. ಇಲ್ಲಿ ವಿಮರ್ಶಕ ಎರಡು ಅತಿರೇಕಗಳಿಂದ ದೂರವಿರಬೇಕಾಗುತ್ತದೆ. ಜೀನು ಸಿಗಲಿಲ್ಲವಾದ್ದರಿಂದ ಬಿಡುಗಡೆಯೇ ಸುಳ್ಳು ಎನ್ನುವಂತಿಲ್ಲ. ಏಕೆಂದರೆ ಆ ಜೀನೋಮಿನ ಸುಮಾರು ಶೇಕಡಾ 60ರಷ್ಟು ಜೀನುಗಳ ಕೆಲಸ ಪ್ರಕಟಣೆಯ ಕಾಲಕ್ಕೆ ಅಜ್ಞಾತವಾಗಿತ್ತು. ಬಿಡುಗಡೆ ನಿಜವಾದ್ದರಿಂದ ಅದೇ ಗ್ರಾಹಕ ಎಲ್ಲೋ ಅಡಗಿದೆ ಎನ್ನುವಂತೆಯೂ ಇಲ್ಲ. ಏಕೆಂದರೆ ಪ್ರಾಣಿಕೋಶಗಳಿಗಾಗಿ ತಯಾರಾದ ರಾಸಾಯನಿಕಗಳು ಪರಕೀಯ ಕೋಶದಲ್ಲಿ ಯಾವುದನ್ನು ತಟ್ಟುತ್ತವೆ ಎಂಬುದಕ್ಕೆ ಖಾತರಿಯಿಲ್ಲ. ಒಂದು ಬೀಗಕ್ಕೆಂದು ಮಾಡಿದ ಕೀಲಿ ಇನ್ನೊಂದು ಬಾಗಿಲನ್ನು ತೆರೆದರೆ, ಎರಡೂ ಬೀಗ ಒಂದೇ ಎಂದಾಗುವುದಿಲ್ಲ.

2021ರಲ್ಲಿ ಯೂರೋಪಿನ ಸಂಶೋಧಕರ ತಂಡವೊಂದು ಬೇರೆ ದಾರಿ ಹಿಡಿಯಿತು. ಕ್ಯಾಲ್ಸಿಯಂ ಬಿಡುಗಡೆಗೆ ಮೊದಲು ಕೆಲಸ ಮಾಡುವ ಪಿಕೆಜಿ ಎಂಬ ಕಿಣ್ವದೊಂದಿಗೆ ಯಾವ ಪ್ರೋಟೀನುಗಳು ಕೂಡಿಕೊಂಡಿವೆ ಎಂದು ಹುಡುಕಿದಾಗ, ಪೊರೆಯನ್ನು ಹಲವು ಬಾರಿ ಹಾಯುವ ಪ್ರೋಟೀನೊಂದು ದೊರೆಯಿತು. ಅದನ್ನು ತೆಗೆದುಹಾಕಿದರೆ ಕ್ಯಾಲ್ಸಿಯಂ ಏರಿಕೆ ಕುಗ್ಗಿತು. ಅದಕ್ಕೆ ಅವರು ನೀಡಿದ ಹೆಸರು ಐಸಿಎಂ1. ‘ಕ್ಯಾಲ್ಸಿಯಂ ಬಿಡುಗಡೆಗೆ ಮುಖ್ಯವಾದ ಪ್ರೋಟೀನು’ ಎಂಬುದಷ್ಟೇ ಅದರ ಅರ್ಥ. ಅದು ಸ್ವತಃ ಕಾಲುವೆಯೇ ಎಂಬುದನ್ನು ಆ ಅಧ್ಯಯನ ಸಿದ್ಧಪಡಿಸಿರಲಿಲ್ಲ. ಹೆಸರೂ ಹಾಗೆಂದು ಹೇಳಿಕೊಳ್ಳಲಿಲ್ಲ. ಕಂಡದ್ದಕ್ಕಿಂತ ಹೆಚ್ಚನ್ನು ಹೇಳದ ಈ ನಾಮಕರಣ ಕ್ಷೇತ್ರವು ತನ್ನ ಚರಿತ್ರೆಯಿಂದ ಪಾಠ ಕಲಿತದ್ದರ ಒಳ್ಳೆಯ ಸೂಚನೆ.

ಪೊಟ್ಯಾಸಿಯಂ ವಾದ

ತೂಬನ್ನು ಎತ್ತುವ ಮೊದಲ ಪ್ರಚೋದನೆ ಯಾವುದೆಂಬುದೂ ಇಷ್ಟೇ ವಿವಾದಾಸ್ಪದ. ಕೋಶದೊಳಗೆ ಪೊಟ್ಯಾಸಿಯಂ ಹೆಚ್ಚು, ರಕ್ತದ್ರವದಲ್ಲಿ ಕಡಿಮೆ. ಆತಿಥೇಯ ಕೋಶ ಒಡೆದಾಗ ಸುತ್ತಲಿನ ಪೊಟ್ಯಾಸಿಯಂ ಕುಸಿಯುವುದೇ ಟಾಕ್ಸೋಪ್ಲಾಸ್ಮಾದ ನಿರ್ಗಮನಕ್ಕೆ ಸಂಕೇತವೆಂದು 2001ರಲ್ಲಿ ಪ್ರತಿಪಾದಿತವಾಯಿತು. 2010ರಲ್ಲಿ ನವದೆಹಲಿಯ ಅಂತರರಾಷ್ಟ್ರೀಯ ಜೀನ್ ಎಂಜಿನಿಯರಿಂಗ್ ಕೇಂದ್ರದಲ್ಲಿ ಚೇತನ್ ಚಿಟ್ನಿಸ್ ಅವರ ತಂಡ ಫಾಲ್ಸಿಪಾರಂ ಕುರಿತು ಇದೇ ಬಗೆಯ ಸುಂದರ ಪ್ರಯೋಗ ನಡೆಸಿತು. ಕಣದಿಂದ ಹೊರಬಂದ ಪರಾವಲಂಬಿಯು ಪೊಟ್ಯಾಸಿಯಂ ಕಡಿಮೆಯಿರುವ ದ್ರವಕ್ಕೆ ಬಂದಾಗ ಅದರ ಒಳರಸದ ಕ್ಯಾಲ್ಸಿಯಂ ಏರಿ, ಮುಂದಿನ ಕಣವನ್ನು ಹಿಡಿಯಲು ಬೇಕಾದ ಪ್ರೋಟೀನುಗಳು ಅದರ ಮೇಲ್ಮೈಗೆ ಬರುತ್ತವೆ ಎಂದು ಅದು ತೋರಿಸಿತು.

2013ರಲ್ಲಿ ಅಮೆರಿಕದ ಸಂಜಯ್ ದೇಸಾಯಿ ಅವರ ತಂಡ ಪ್ರಶ್ನೆಯನ್ನು ತಿರುಗಿಸಿ ಕೇಳಿತು: ಈ ಕುಸಿತ ಇಲ್ಲದಿದ್ದರೆ ಏನಾಗುತ್ತದೆ? ಸೋಡಿಯಂ ಮತ್ತು ಪೊಟ್ಯಾಸಿಯಂ ಸಾರತೆಗಳನ್ನು ಬಹಳವಾಗಿ ಬದಲಿಸಿದ ಮಾಧ್ಯಮಗಳಲ್ಲಿಯೂ ಪರಾವಲಂಬಿಗಳು ಬೆಳೆದವು, ಹೊಸ ಕಣಗಳನ್ನು ಹೊಕ್ಕವು.

ಈ ಎರಡು ಫಲಿತಾಂಶಗಳು ಒಂದನ್ನೊಂದು ಸುಳ್ಳಾಗಿಸುತ್ತವೆಯೇ? ಭಾರತೀಯ ತರ್ಕದ ಅನ್ವಯ–ವ್ಯತಿರೇಕ ಕ್ರಮ ಇಲ್ಲಿ ಉಪಯುಕ್ತ. ಕಾರಣವಿದ್ದಾಗ ಕಾರ್ಯ ತೋರಿದರೆ ಅನ್ವಯ. ಕಾರಣ ತೆಗೆದಾಗ ಕಾರ್ಯ ನಿಂತರೆ ವ್ಯತಿರೇಕ. ಪೊಟ್ಯಾಸಿಯಂ ವಾದಕ್ಕೆ ಅನ್ವಯವಿದೆ, ವ್ಯತಿರೇಕ ಸಿಗಲಿಲ್ಲ. ಅಂದರೆ ಪೊಟ್ಯಾಸಿಯಂ ಕುಸಿತ ಪ್ರಯೋಗಾಲಯದಲ್ಲಿ ಕ್ಯಾಲ್ಸಿಯಂ ಏರಿಸಬಲ್ಲದು. ಆದರೆ ಪ್ರವೇಶಕ್ಕೆ ಅದು ಅನಿವಾರ್ಯವಲ್ಲ. ‘ಪ್ರಚೋದಿಸುತ್ತದೆ’ ಎಂಬ ಕ್ರಿಯಾಪದ ಈ ಎರಡು ಅರ್ಥಗಳನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಅನೇಕ ಸಮೀಕ್ಷಾ ಲೇಖನಗಳು ಈ ಪದದ ಸಡಿಲಿನಲ್ಲಿಯೇ ಸಾಧ್ಯತೆಯನ್ನು ಅವಶ್ಯಕತೆಯಾಗಿ ಪರಿವರ್ತಿಸಿವೆ.

ಹೋಲಿಕೆಗೆ ಸಿಗದ ಕಾಲುವೆ

ಸೋಂಕು ತಗುಲಿದ ಕೆಂಪು ರಕ್ತಕಣದ ಪೊರೆ ಆರೋಗ್ಯವಂತ ಕಣದ ಪೊರೆಗಿಂತ ಬಹಳ ಹೆಚ್ಚು ಪೋಷಕಾಂಶಗಳನ್ನು ಒಳಬಿಡುತ್ತದೆ. 2000ದಲ್ಲಿ ದೇಸಾಯಿ ಮತ್ತು ಸಂಗಡಿಗರು ಪೊರೆಯ ವಿದ್ಯುತ್ಪ್ರವಾಹವನ್ನು ಅಳೆಯುವ ಸೂಕ್ಷ್ಮನಳಿಕೆ ವಿಧಾನದಿಂದ ಅಲ್ಲೊಂದು ವಿಶಿಷ್ಟ ಕಾಲುವೆಯನ್ನು ಗುರುತಿಸಿದರು. ಅದು ಪರಾವಲಂಬಿಯದೋ ಅಥವಾ ಸೋಂಕಿನಿಂದ ಎಚ್ಚೆತ್ತ ಆತಿಥೇಯನದೋ ಎಂಬ ವಾದ ಮುಂದಿನ ಒಂದು ದಶಕ ನಡೆಯಿತು. ಜೀನೋಮಿನಲ್ಲಿ ಪರಿಚಿತ ಕಾಲುವೆಗಳಂತಹ ಯಾವ ಜೀನೂ ಇದಕ್ಕೆ ಹೊಂದುತ್ತಿರಲಿಲ್ಲ.

2011ರಲ್ಲಿ ಉತ್ತರ ಬಂದದ್ದು ಸಾದೃಶ್ಯದಿಂದಲ್ಲ, ವ್ಯತ್ಯಾಸದಿಂದ. ಒಂದು ತಳಿಯ ಪರಾವಲಂಬಿಯ ಕಾಲುವೆಯನ್ನು ಮಾತ್ರ ತಡೆಯುವ ರಾಸಾಯನಿಕವೊಂದು ದೊರೆಯಿತು. ಎರಡು ತಳಿಗಳ ಸಂಕರ ಸಂತತಿಯಲ್ಲಿ ಈ ಗುಣ ಯಾವ ವರ್ಣತಂತು ಭಾಗದ ಜೊತೆ ಸಾಗುತ್ತದೆ ಎಂದು ನೋಡಿದಾಗ ಕ್ಲ್ಯಾಗ್3 ಜೀನುಗಳು ಸಿಕ್ಕವು. ಅವಕ್ಕೆ ಆ ಮೊದಲೇ ಇದ್ದ ಹೆಸರು ರಕ್ತನಾಳದ ಗೋಡೆಗೆ ಕಣ ಅಂಟಿಕೊಳ್ಳುವ ಗುಣವನ್ನು ಸೂಚಿಸುವಂತಹುದು. ಬೇರೆ ಯಾವ ಜೀವಿಯ ಪರಿಚಿತ ಕಾಲುವೆಗೂ ಹೋಲದ ಪ್ರೋಟೀನು, ಬೇರೆ ಕೆಲಸದ ಹೆಸರು ಹೊತ್ತು, ಎಲ್ಲರ ಕಣ್ಣೆದುರಿಗೇ ಇತ್ತು. ಹೋಲಿಕೆಯ ಹುಡುಕಾಟ ಎಷ್ಟೇ ಸೂಕ್ಷ್ಮವಾದರೂ ಇದನ್ನು ಕಂಡುಕೊಳ್ಳಲು ಸಾಧ್ಯವಿರಲಿಲ್ಲ. ಸಾದೃಶ್ಯದ ವಿಧಾನ ತಪ್ಪನ್ನು ಹುಟ್ಟಿಸುವುದು ಒಂದು ಅಪಾಯ. ಹೊಸದನ್ನು ಕಾಣಲಾರದೆ ಹೋಗುವುದು ಅದಕ್ಕಿಂತ ದೊಡ್ಡ ಅಪಾಯ.

ಒಂದು ಅಮೈನೋ ಆಮ್ಲದ ಸಾಕ್ಷ್ಯ

ಕ್ಯಾಲ್ಸಿಯಂ ಏರಿಕೆಯನ್ನು ಗ್ರಹಿಸುವ ಕಿಣ್ವಗಳ ಅಧ್ಯಯನ ಈ ಕ್ಷೇತ್ರದ ಅತ್ಯಂತ ಭದ್ರವಾದ ಭಾಗ. ಸಿಡಿಪಿಕೆ ಎಂಬ ಈ ಕೈನೇಸುಗಳು ಸಸ್ಯಗಳಲ್ಲಿವೆ, ಪರಾವಲಂಬಿಗಳ ಈ ವರ್ಗದಲ್ಲಿವೆ; ಪ್ರಾಣಿಗಳಲ್ಲಿಲ್ಲ. 1993ರಲ್ಲಿ ಫಾಲ್ಸಿಪಾರಂನಲ್ಲಿ ಇವುಗಳಲ್ಲೊಂದು ಪತ್ತೆಯಾಯಿತು. ಗಂಡು ಲಿಂಗಾಣುಗಳ ಬಿಡುಗಡೆಗೆ ಸಿಡಿಪಿಕೆ4 ಬೇಕೆಂಬುದನ್ನು 2004ರಲ್ಲಿ ಜೀನನ್ನು ತೆಗೆದುಹಾಕಿಯೇ ತೋರಿಸಲಾಯಿತು. ರಕ್ತಕಣದಿಂದ ಪರಾವಲಂಬಿ ಹೊರಬರಲು ಸಿಡಿಪಿಕೆ5 ಅವಶ್ಯಕವೆಂಬುದು 2010ರಲ್ಲಿ ಸಿದ್ಧವಾಯಿತು.

ಅದೇ ವರ್ಷ ಟಾಕ್ಸೋಪ್ಲಾಸ್ಮಾದ ಸಿಡಿಪಿಕೆ1 ಕುರಿತು ಸೆಬಾಸ್ಟಿಯನ್ ಲೌರಿಡೊ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಮಾದರಿಯಾಗಿ ನಿಲ್ಲುವಂತಹುದು. ಈ ಕಿಣ್ವದ ಒಂದು ನಿರ್ಣಾಯಕ ಸ್ಥಾನದಲ್ಲಿ ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲವಿದ್ದು, ಅದರಿಂದ ಉಂಟಾದ ಪೊಳ್ಳಿನಲ್ಲಿ ಒಂದು ಬಗೆಯ ಪ್ರತಿಬಂಧಕ ಅಣು ಸೇರಿಕೊಳ್ಳುತ್ತದೆ. ಆ ಸ್ಥಾನಕ್ಕೆ ದೊಡ್ಡ ಗಾತ್ರದ ಮೆಥಿಯೋನಿನ್ ಅನ್ನು ತಂದಾಗ ಕಿಣ್ವ ಕೆಲಸ ಮಾಡಿತು, ಪ್ರತಿಬಂಧಕ ಮಾತ್ರ ನಿಷ್ಫಲವಾಯಿತು. ಔಷಧದ ಪರಿಣಾಮ ಈ ಕಿಣ್ವದ ಮೂಲಕವೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯತಿರೇಕ ಬೇರೊಂದಿಲ್ಲ.

ಆದರೂ ಇಲ್ಲಿಯೂ ಒಂದು ಸುಲಭ ಸಾದೃಶ್ಯ ಸುಳಿದಿದೆ. ಪರಾವಲಂಬಿಗಳಲ್ಲಿ ಪಾಚಿಮೂಲದ ಅಂಗಕವೊಂದಿರುವುದು 1996–97ರಲ್ಲಿ ತಿಳಿದ ಬಳಿಕ, ಸಸ್ಯಸದೃಶವಾದ ಸಿಡಿಪಿಕೆಗಳೂ ಅದರ ಬಳುವಳಿಯೆಂದು ಹೇಳುವ ರೂಢಿ ಬಂದಿತು. ಅಂತಹ ಅಂಗಕವಿಲ್ಲದ ಪ್ಯಾರಮೀಸಿಯಂ ಮೊದಲಾದ ಜೀವಿಗಳಲ್ಲಿಯೂ ಇಂತಹ ಕೈನೇಸುಗಳಿರುವುದರಿಂದ ಈ ವಿವರಣೆ ಸಾಲದು. ಹೋಲಿಕೆ ನಿಜವಿದ್ದಾಗಲೂ ಅದರ ಕಾರಣ ಬೇರೆಯೇ ಇರಬಹುದು.

ದಿಕ್ಕು ಬದಲಿಸಿದ ಸಾದೃಶ್ಯ

ಸಾದೃಶ್ಯವನ್ನು ಕೇವಲ ದೋಷವೆಂದು ಕಾಣುವುದು ಅನ್ಯಾಯವಾದೀತು. ಅದು ಎರಡೂ ದಿಕ್ಕಿಗೆ ಹರಿದಾಗ ಏನಾಗುತ್ತದೆ ಎಂಬುದಕ್ಕೆ ಟ್ರಿಪನೋಸೋಮ್‌ಗಳ ಅಧ್ಯಯನ ಸಾಕ್ಷಿ. ದಕ್ಷಿಣ ಅಮೆರಿಕದ ಶಾಗಾಸ್ ರೋಗಕ್ಕೂ ಆಫ್ರಿಕದ ನಿದ್ರಾರೋಗಕ್ಕೂ ಕಾರಣವಾದ ಈ ಜೀವಿಗಳು ಮಲೇರಿಯಾ ಜೀವಿಗೆ ದೂರದವು. 1989ರಲ್ಲಿ ರಾಬರ್ಟೊ ಡೊಕಾಂಪೊ ಮತ್ತು ಅನಿಬಲ್ ವೆರ್ಸೆಸಿ ಇವುಗಳ ಮೈಟೊಕಾಂಡ್ರಿಯ ಬೆನ್ನೆಲುಬಿನ ಪ್ರಾಣಿಗಳದರಂತೆಯೇ ಕ್ಯಾಲ್ಸಿಯಂ ಹೀರಿಕೊಳ್ಳುವುದನ್ನು ತೋರಿಸಿದರು. ಯೀಸ್ಟ್‌ನಲ್ಲಿ ಆ ಸಾಮರ್ಥ್ಯವಿಲ್ಲ. ಹಾಗಾದರೆ ಪ್ರಾಣಿಗಳಲ್ಲಿಯೂ ಟ್ರಿಪನೋಸೋಮ್‌ಗಳಲ್ಲಿಯೂ ಇದ್ದು ಯೀಸ್ಟ್‌ನಲ್ಲಿ ಇಲ್ಲದ ಪ್ರೋಟೀನು ಯಾವುದು? ಈ ಸೋಸುವಿಕೆಯೂ ನೆರವಾಗಿ, ದಶಕಗಳಿಂದ ಕೈಗೆ ಸಿಗದಿದ್ದ ಮೈಟೊಕಾಂಡ್ರಿಯದ ಕ್ಯಾಲ್ಸಿಯಂ ಕಾಲುವೆ 2011ರಲ್ಲಿ ಗುರುತಿಸಲ್ಪಟ್ಟಿತು. ಮನುಷ್ಯನ ಹೃದಯದ ಕೋಶವನ್ನು ಅರಿಯಲು ಒಂದು ಪರಾವಲಂಬಿ ನೆರವಾಯಿತು.

ಇದೇ ಜೀವಿಗಳಲ್ಲಿ 1994ರಲ್ಲಿ ಆಮ್ಲೀಯವೂ ಕ್ಯಾಲ್ಸಿಯಂಭರಿತವೂ ಆದ ‘ಅಸಿಡೊಕ್ಯಾಲ್ಸಿಸೋಮ್’ ಎಂಬ ಅಂಗಕಕ್ಕೆ ಹೆಸರಿಡಲಾಯಿತು. ಟ್ರಿಪನೋಸೋಮ್‌ಗಳಿಗೆ ಐಪಿ3 ಗ್ರಾಹಕ ನಿಜವಾಗಿಯೂ ಇದೆ. ಆದರೆ ನಿದ್ರಾರೋಗದ ಜೀವಿಯಲ್ಲಿ ಅದು ಕುಳಿತಿರುವುದು ಪ್ರಾಣಿಕೋಶದ ಮಾದರಿ ಸೂಚಿಸುವ ಸ್ಥಳದಲ್ಲಲ್ಲ, ಈ ಅಂಗಕದಲ್ಲಿ ಎಂದು 2013ರಲ್ಲಿ ತಿಳಿಯಿತು. ತೂಬು ಅದೇ, ಕೆರೆ ಬೇರೆ. ಹೋಲಿಕೆಯನ್ನು ಒಪ್ಪಿಯೂ ಸ್ಥಳವನ್ನು ಪರೀಕ್ಷಿಸಿದ್ದರಿಂದ ಈ ತಿಳಿವು ದಕ್ಕಿತು.

ವಿಮರ್ಶೆಯ ಮಾನದಂಡ

ಮೇಲಿನ ಪ್ರಕರಣಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ ಒಂದು ಕ್ರಮ ಸ್ಪಷ್ಟವಾಗುತ್ತದೆ. ಸರಣಿಯ ಹೋಲಿಕೆ ಊಹೆಗೆ ಆಧಾರ. ಪರಕೀಯ ಕೋಶದಲ್ಲಿನ ನಡವಳಿಕೆ ಆ ಊಹೆಗೆ ಬಲ. ರಾಸಾಯನಿಕಗಳ ಪರಿಣಾಮ ಇನ್ನೊಂದಿಷ್ಟು ಬಲ. ತೀರ್ಮಾನ ಬರಬೇಕಾದುದು ಪರಾವಲಂಬಿಯ ಒಳಗೆ ಅಯಾನನ್ನು ಅಳೆದಾಗ, ಜೀನನ್ನು ತೆಗೆದಾಗ ಅಥವಾ ಬದಲಿಸಿದಾಗ. ಈ ಮೆಟ್ಟಿಲುಗಳಲ್ಲಿ ಕೆಳಗಿನದನ್ನು ಮೇಲಿನದೆಂದು ಭಾವಿಸಿದಲ್ಲೆಲ್ಲ ತಿದ್ದುಪಡಿ ಬೇಕಾಗಿದೆ.

ಈ ಮಾನದಂಡದ ಎದುರು ಇಂದಿನ ಸಾಹಿತ್ಯದ ಒಂದು ದೊಡ್ಡ ಕೊರತೆಯೂ ಎದ್ದು ಕಾಣುತ್ತದೆ. ಮಲೇರಿಯಾ ಕುರಿತ ಇಲ್ಲಿಯ ಸಾಕ್ಷ್ಯವೆಲ್ಲ ಬಹುತೇಕ ಫಾಲ್ಸಿಪಾರಂ ಮತ್ತು ಇಲಿಗಳ ಪರಾವಲಂಬಿಯಾದ ಬರ್ಗಿಯೈಗಳದ್ದು. ಮಂಗಳೂರಿನಂತಹ ನಗರವನ್ನು ದಶಕಗಳ ಕಾಲ ಕಾಡಿದ ಮಲೇರಿಯಾದಲ್ಲಿ ಪ್ರಧಾನವಾಗಿದ್ದುದು ವೈವಾಕ್ಸ್. ಅದನ್ನು ಪ್ರಯೋಗಾಲಯದಲ್ಲಿ ಸುದೀರ್ಘ ಕಾಲ ಬೆಳೆಸುವುದು ಕಷ್ಟವಾದುದರಿಂದ, ಅದರ ಕ್ಯಾಲ್ಸಿಯಂ ವ್ಯವಸ್ಥೆಯ ಬಗ್ಗೆ ಹೇಳುವ ಬಹುತೇಕ ಮಾತು ಮತ್ತೆ ಹೋಲಿಕೆಯ ಮಾತೇ. ಪ್ರಾಣಿಯಿಂದ ಪರಾವಲಂಬಿಗೆ ಮಾಡಿದ ಜಿಗಿತದಲ್ಲಿ ಆದ ತಪ್ಪು, ಒಂದು ಪರಾವಲಂಬಿಯಿಂದ ಇನ್ನೊಂದಕ್ಕೆ ಜಿಗಿಯುವಾಗ ಆಗಲಾರದು ಎಂದು ನಂಬಲು ಆಧಾರವಿಲ್ಲ.

ಹೆಸರುಗಳು ತಟಸ್ಥವಲ್ಲ. ಕೋಷ್ಟಕವೊಂದರಲ್ಲಿ ‘ಕ್ಯಾಲ್ಸಿಯಂ ಪಂಪು’ ಎಂದು ಬರೆದ ಎರಡು ಪದಗಳು ಮುಂದಿನ ಸಂಶೋಧಕನ ಪ್ರಯೋಗವನ್ನು ಮೊದಲೇ ನಿರ್ಧರಿಸಿಬಿಡುತ್ತವೆ; ಅವನು ಸೋಡಿಯಂ ಅನ್ನು ಅಳೆಯುವುದೇ ಇಲ್ಲ. ಪಾರಿಭಾಷಿಕ ಪದಗಳನ್ನು ಇನ್ನೂ ರೂಪಿಸಿಕೊಳ್ಳುತ್ತಿರುವ ಕನ್ನಡದ ವಿಜ್ಞಾನ ಬರವಣಿಗೆಗೂ ಇದು ಅನ್ವಯಿಸುತ್ತದೆ. ಸಿದ್ಧವಾದ ಗುಣಕ್ಕೆ ಮಾತ್ರ ಹೆಸರಿಡುವ, ಸಿದ್ಧವಾಗದುದನ್ನು ‘ಸದೃಶ’ ಎಂದಷ್ಟೇ ಕರೆಯುವ ಸಂಯಮ ಅದಕ್ಕೂ ಅಗತ್ಯ. ಲಾವೆರಾನ್ ತಮ್ಮ ಹೆಸರನ್ನು ಕಳೆದುಕೊಂಡರು, ನೋಟವನ್ನು ಕಳೆದುಕೊಳ್ಳಲಿಲ್ಲ. ಆಸಿಲೇರಿಯಾ ಎಂಬ ಪದ ಇಂದು ಮಲೇರಿಯಾ ಗ್ರಂಥಗಳ ಅಡಿಟಿಪ್ಪಣಿಗಷ್ಟೇ ಸೀಮಿತ. ಆ ಹನಿಯಲ್ಲಿ ಅವರು ಕಂಡ ಚಲನೆ ಇಂದಿಗೂ ಪ್ರಯೋಗಾಲಯಗಳ ಪ್ರಶ್ನೆಯಾಗಿದೆ.